ನೆಲ ನೋಡಿ ಟ್ಯಾಂಕು ಕಟ್ಟು

ರಾಯಚೂರಿನಲ್ಲಿ ಹೊಸ ಮನೆಗೆ ಪಾಯ ತೋಡುವಾಗ ಗೌಂಡಿ ಮಾಲೀಕರನ್ನು ನೂರು ಮಾತು ಕೇಳುತ್ತಾನೆ. ಬಾಗಿಲು ಯಾವ ದಿಕ್ಕಿಗೆ, ದೇವರ ಕೋಣೆ ಎಲ್ಲಿ, ಬೋರು ಯಾವ ಮೂಲೆಗೆ. ಸೆಪ್ಟಿಕ್ ಟ್ಯಾಂಕಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ‘ಎಲ್ಲಿ ಜಾಗ ಉಳಿದೈತಿ ಅಲ್ಲೇ ತೋಡಿಬಿಡೋಣ್ರಿ’ ಎಂಬಲ್ಲಿಗೆ ಆ ಮಾತು ಮುಗಿಯುತ್ತದೆ. ದೇವದುರ್ಗದಲ್ಲೂ ಮಾನ್ವಿಯಲ್ಲೂ ಇದೇ ರೂಢಿ. ಮೆಟ್ಟಿಲ ಕೆಳಗೋ ಅಂಗಳದ ಮೂಲೆಯಲ್ಲೋ ಒಂದು ಗುಂಡಿ ತೋಡಿ, ಗೋಡೆ ಕಟ್ಟಿ, ಮೇಲೆ ಚಪ್ಪಡಿ ಹಾಸಿ, ಅದರ ಮೇಲೆ ಟೈಲ್ಸ್ ಕೂರಿಸಿದರೆ ಮನೆಯವರು ಅದನ್ನು ಮರೆತೇಬಿಡುತ್ತಾರೆ.

ಹಾಗೆ ಮರೆಯುವಂಥದ್ದಲ್ಲ ಅದು. ಸೆಪ್ಟಿಕ್ ಟ್ಯಾಂಕು ಹೊಲಸನ್ನು ಶುದ್ಧ ಮಾಡುವ ಯಂತ್ರವೆಂದು ನಾವು ನಂಬಿದ್ದೇವೆ. ಅದು ಮಾಡುವುದು ಅರ್ಧ ಕೆಲಸ ಮಾತ್ರ. ಉಳಿದರ್ಧವನ್ನು ಮಾಡಬೇಕಾದದ್ದು ಟ್ಯಾಂಕಿನ ಆಚೆಗಿರುವ ಮಣ್ಣು. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ದೋಆಬಿನ ಮಣ್ಣು ಆ ಅರ್ಧ ಕೆಲಸವನ್ನು ಬಹುಪಾಲು ಕಡೆ ಮಾಡಲಾರದು. ಆದ್ದರಿಂದ ಇಲ್ಲಿ ಟ್ಯಾಂಕಿನ ಲೆಕ್ಕ ಇಟ್ಟಿಗೆ ಸಿಮೆಂಟಿನಿಂದ ಶುರುವಾಗಬಾರದು, ನೆಲದಿಂದ ಶುರುವಾಗಬೇಕು.

ಕತ್ತಲ ಕೋಣೆಯ ಒಳಗೆ

ಫ್ರಾನ್ಸಿನ ವೆಸೂಲ್ ಎಂಬ ಊರಿನಲ್ಲಿ ಜಾನ್ ಲೂಯಿ ಮೂರಾ ಎಂಬಾತ 1860ರ ಸುಮಾರಿಗೆ ಒಂದು ಮನೆಯ ಹೊಲಸು ನೀರಿಗೆಂದು ಮುಚ್ಚಿದ ಕಾಂಕ್ರೀಟ್ ತೊಟ್ಟಿ ಕಟ್ಟಿದ. ಹಲವು ವರ್ಷಗಳ ನಂತರ ತೆರೆದು ನೋಡಿದರೆ ಅದರಲ್ಲಿ ತುಂಬಿರಬೇಕಾಗಿದ್ದ ಗಟ್ಟಿ ಪದಾರ್ಥ ಹೆಚ್ಚೇನೂ ಇರಲಿಲ್ಲ. 1881ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಮುಂದೆ 1895ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ನಗರದ ಡೊನಾಲ್ಡ್ ಕ್ಯಾಮರೂನ್ ಇಂಥದೇ ತೊಟ್ಟಿ ಕಟ್ಟಿ ಅದಕ್ಕೆ ‘ಸೆಪ್ಟಿಕ್ ಟ್ಯಾಂಕ್’ ಎಂದು ಹೆಸರಿಟ್ಟ. ಗಟ್ಟಿ ಪದಾರ್ಥ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಕಣ್ಣಿಗೆ ಕಾಣದ ಜೀವಿಗಳಲ್ಲಿದೆ.

ಟ್ಯಾಂಕಿಗೆ ಬಂದ ಹೊಲಸು ನಿಂತ ನೀರಿನಲ್ಲಿ ಮೂರು ಪದರಗಳಾಗಿ ಬೇರ್ಪಡುತ್ತದೆ. ಭಾರವಾದದ್ದು ತಳಕ್ಕಿಳಿದು ಗಸಿಯಾಗುತ್ತದೆ. ಎಣ್ಣೆ, ಜಿಡ್ಡು, ಸಾಬೂನಿನ ಅಂಶ ಮೇಲೇರಿ ದಪ್ಪ ತೇಲುಪದರವಾಗುತ್ತದೆ. ನಡುವೆ ಉಳಿಯುವುದು ಸ್ವಲ್ಪ ತಿಳಿಯಾದ ನೀರು. ಗಾಳಿ ಆಡದ ತಳದ ಗಸಿಯಲ್ಲಿ ಸೂಕ್ಷ್ಮಜೀವಿಗಳು ಸರದಿಯಂತೆ ಕೆಲಸಕ್ಕಿಳಿಯುತ್ತವೆ. ಒಂದು ಗುಂಪು ದೊಡ್ಡ ಅಣುಗಳನ್ನು ಒಡೆದು ಕರಗಿಸುತ್ತದೆ, ಇನ್ನೊಂದು ಗುಂಪು ಅವನ್ನು ಆಮ್ಲಗಳಾಗಿಸುತ್ತದೆ, ಕೊನೆಗೆ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳು ಆ ಆಮ್ಲಗಳನ್ನು ಉಂಡು ಅನಿಲವಾಗಿ ಬಿಡುತ್ತವೆ. ಈ ಕೊನೆಯ ಗುಂಪಿಗೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಎಂದರೆ ಬಲು ಇಷ್ಟ. ಚಳಿ ದೇಶಗಳಲ್ಲಿ ಅವು ವರ್ಷದ ಬಹುಭಾಗ ಮಂಕಾಗಿರುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲು ನಮಗೆ ಎಷ್ಟೇ ಕಷ್ಟ ಕೊಡಲಿ, ಟ್ಯಾಂಕಿನ ಒಳಗಿನ ಈ ಕೆಲಸಗಾರರಿಗೆ ಅದು ಅನುಕೂಲವೇ. ಮಾರುಕಟ್ಟೆಯ ಪುಡಿಯನ್ನಾಗಲೀ ಯೀಸ್ಟನ್ನಾಗಲೀ ತಂದು ಸುರಿಯುವ ಅಗತ್ಯವಿಲ್ಲ. ಬೇಕಾದ ಜೀವಿಗಳೆಲ್ಲ ನಮ್ಮ ಹೊಟ್ಟೆಯಿಂದಲೇ ಟ್ಯಾಂಕಿಗೆ ಹೋಗುತ್ತವೆ.

ಇಷ್ಟೆಲ್ಲ ಆದರೂ ಟ್ಯಾಂಕಿನಿಂದ ಹೊರಬರುವ ನೀರು ಶುದ್ಧವಲ್ಲ. ಒಂದೆರಡು ದಿನ ನಿಂತು ಹೊರಟ ಆ ನೀರಿನಲ್ಲಿ ಸಾವಯವ ಮಾಲಿನ್ಯ ಮೂರರಲ್ಲೊಂದು ಪಾಲು, ಹೆಚ್ಚೆಂದರೆ ಅರ್ಧದಷ್ಟು ಕಡಿಮೆಯಾಗಿರುತ್ತದೆ. ಟೈಫಾಯಿಡ್, ಕಾಲರಾ, ಕಾಮಾಲೆ ತರುವ ರೋಗಾಣುಗಳು ಅದರಲ್ಲಿ ಜೀವಂತವಾಗಿಯೇ ಇರಬಲ್ಲವು. ಜಂತುಹುಳದ ಮೊಟ್ಟೆಗಳಂತೂ ಗಸಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ನೀರು ತಿಳಿಯಾಗಿ ಕಂಡಿತೆಂದು ಅದನ್ನು ಚರಂಡಿಗೆ ಬಿಟ್ಟರೆ ಪಾಯಖಾನೆಯನ್ನೇ ಬೀದಿಗೆ ತೆರೆದಂತಾಯಿತು.

ಮಣ್ಣಿನ ಪಾಲಿನ ಕೆಲಸ

ಟ್ಯಾಂಕಿನ ನೀರು ಇಂಗುಗುಂಡಿಗೆ ಹೋಗಿ, ಅಲ್ಲಿಂದ ಮಣ್ಣಿಗೆ ಇಳಿಯಬೇಕೆಂಬುದು ಸೆಪ್ಟಿಕ್ ವ್ಯವಸ್ಥೆಯ ಮೂಲ ಲೆಕ್ಕ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರು ನಿಧಾನವಾಗಿ ಜಾರುವಾಗ ಕಣಗಳು ರೋಗಾಣುಗಳನ್ನು ಹಿಡಿದಿಡುತ್ತವೆ. ಗಾಳಿಯಾಡುವ ಮಣ್ಣಿನ ಬ್ಯಾಕ್ಟೀರಿಯಾಗಳು ಉಳಿದ ಮಾಲಿನ್ಯವನ್ನು ತಿಂದುಹಾಕುತ್ತವೆ. ಇದಕ್ಕೆ ಮಣ್ಣು ಸಡಿಲವಾಗಿರಬೇಕು, ಅಂತರ್ಜಲ ಆಳದಲ್ಲಿರಬೇಕು. ಇಂಗುಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ 2 ಮೀಟರ್ ಒಣಮಣ್ಣು ಬೇಕು. ಕುಡಿಯುವ ನೀರಿನ ಬಾವಿ ಅಥವಾ ಬೋರಿನಿಂದ ಇಂಗುಗುಂಡಿ ಕನಿಷ್ಠ 18 ಮೀಟರ್ ದೂರದಲ್ಲಿರಬೇಕು.

ಈಗ ನಮ್ಮ ನೆಲಕ್ಕೆ ಬರೋಣ. ರಾಯಚೂರು ಸೀಮೆಯಲ್ಲಿ ಎರಡು ಬಗೆಯ ಭೂಮಿಯಿದೆ, ಎರೆ ಮತ್ತು ಮಸಾರಿ. ಎರೆ ಎಂದರೆ ಕಪ್ಪು ಜಿಗುಟು ಮಣ್ಣು. ಅದರಲ್ಲಿರುವ ಜೇಡಿಯ ಖನಿಜದ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆಗಾಲದಲ್ಲಿ ಉಬ್ಬಿದ ಎರೆಯಲ್ಲಿ ಸಂದುಗಳು ಮುಚ್ಚಿಹೋಗಿ ನೀರು ಇಂಗುವುದೇ ಇಲ್ಲ. ಆಗ ಇಂಗುಗುಂಡಿ ತುಂಬಿ ಟ್ಯಾಂಕು ಹಿಂದಕ್ಕೆ ಒತ್ತುತ್ತದೆ, ಬಚ್ಚಲಲ್ಲಿ ನೀರು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಇದೇ ನೆಲ ಬಾಯಿ ಬಿಡುತ್ತದೆ. ಕೈ ಇಳಿಸಬಹುದಾದಷ್ಟು ಅಗಲದ ಬಿರುಕುಗಳು ಒಂದು ಮೀಟರಿಗೂ ಆಳಕ್ಕೆ ಹೋಗುತ್ತವೆ. ಆಗ ಹೊಲಸು ನೀರು ಸೋಸಿಕೊಳ್ಳದೆ ನೇರವಾಗಿ ಬಿರುಕಿನಲ್ಲಿ ಧುಮುಕುತ್ತದೆ. ಮಳೆಗಾಲದಲ್ಲಿ ಕುಡಿಯದ, ಬೇಸಿಗೆಯಲ್ಲಿ ಸೋಸದ ಮಣ್ಣು ಇದು.

ಮಾನ್ವಿಯ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇಲ್ಲಿ ಭತ್ತದ ಗದ್ದೆಗಳು ತಿಂಗಳುಗಟ್ಟಲೆ ನೀರು ಹಿಡಿದು ನಿಲ್ಲುತ್ತವೆ. ಕಾಲುವೆ ಹರಿಯುವ ಕಾಲದಲ್ಲಿ ಅಂತರ್ಜಲ ಮೇಲಕ್ಕೇರುತ್ತದೆ. ಬೇಸಿಗೆಯಲ್ಲಿ ತೋಡಿದಾಗ ಒಣಗಿದ್ದ ಗುಂಡಿಯ ತಳಕ್ಕೆ ಆಗ ನೀರೇ ಬಂದು ತಾಗಬಹುದು. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಾವರಿಯ ಜೊತೆಗೆ ಮಸಾರಿ ಎಂಬ ಕೆಂಪು ಮಣ್ಣೂ ಕಲ್ಲುನೆಲವೂ ಇದೆ. ಮಸಾರಿಯಲ್ಲಿ ನೀರು ಚೆನ್ನಾಗಿ ಇಂಗುತ್ತದೆ, ಆದರೆ ಮಣ್ಣಿನ ಪದರ ತೆಳುವಾಗಿರುವ ಕಡೆ ಕೆಳಗೆ ಬಂಡೆ ಸಿಗುತ್ತದೆ. ಬಂಡೆಯ ಸೀಳಿನಲ್ಲಿ ಇಳಿದ ನೀರು ಸೋಸಿಕೊಳ್ಳುವುದಿಲ್ಲ, ಅದೇ ಸೀಳು ನೆರೆಮನೆಯ ಬೋರಿಗೂ ಸೇರಿರಬಹುದು. ರಾಯಚೂರು ನಗರದ ಹಳೆಯ ಓಣಿಗಳಲ್ಲಂತೂ ಕೋಟೆಯ ಬೆಟ್ಟದ ಕಲ್ಲು ಕೆಳಗೆ, ಒತ್ತಾಗಿ ಕಟ್ಟಿದ ಮನೆಗಳು ಮೇಲೆ. ಬೋರಿನಿಂದ 18 ಮೀಟರ್ ದೂರ ಸರಿಯೋಣವೆಂದರೆ ನಿವೇಶನವೇ ಅಷ್ಟುದ್ದ ಇರುವುದಿಲ್ಲ.

ಚರಂಡಿಯಿಂದ ನಲ್ಲಿಗೆ

ಇಂಗದ ನೀರು ಎಲ್ಲಿಗೆ ಹೋಗುತ್ತದೆ? ಟ್ಯಾಂಕಿನಿಂದ ಒಂದು ಪೈಪು ಸದ್ದಿಲ್ಲದೆ ಮನೆ ಮುಂದಿನ ಚರಂಡಿಗೆ ಸೇರುತ್ತದೆ. ಅದೇ ಚರಂಡಿಯ ಪಕ್ಕದಲ್ಲೋ, ಕೆಲವೆಡೆ ಅದರೊಳಗಿಂದಲೋ ಕುಡಿಯುವ ನೀರಿನ ಪೈಪು ಹಾದುಹೋಗಿರುತ್ತದೆ. ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ನೀರು ಬಿಡುವ ಊರಿನಲ್ಲಿ ಪೈಪು ಬಹಳ ಹೊತ್ತು ಖಾಲಿಯಾಗಿರುತ್ತದೆ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಜಾಯಿಂಟಿನಲ್ಲೋ ತುಕ್ಕು ಹಿಡಿದ ಕಡೆಯೋ ಸಣ್ಣ ರಂಧ್ರವಿದ್ದರೆ ಸಾಕು, ಚರಂಡಿಯ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ನಲ್ಲಿ ಬಿಟ್ಟಾಗ ಮೊದಲ ಕೊಡ ತುಂಬುವುದು ಆ ನೀರಿನಿಂದ.

2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಜೀವ ಕಳೆದುಕೊಂಡರು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲೂ ಕಲುಷಿತ ನೀರಿನಿಂದ ಜನ ಕಾಯಿಲೆ ಬಿದ್ದರು, ಒಂದು ಮಗು ಸತ್ತಿತು. ಇಂಥ ಅನಾಹುತಗಳಿಗೆ ಒಂದೇ ಮನೆಯ ಒಂದೇ ಟ್ಯಾಂಕನ್ನು ಬೊಟ್ಟು ಮಾಡಲಾಗದು. ನೀರು ಶುದ್ಧೀಕರಣ, ಪೈಪು, ತೊಟ್ಟಿ ಎಲ್ಲವೂ ಸೇರುತ್ತವೆ. ಆದರೆ ಸಾವಿರಾರು ಮನೆಗಳ ಹೊಲಸು ತೆರೆದ ಚರಂಡಿಯಲ್ಲಿ ಹರಿಯುವ ಊರಿನಲ್ಲಿ ಕುಡಿಯುವ ನೀರನ್ನು ಕಾಯುವುದು ಬಹಳ ಕಷ್ಟದ ಕೆಲಸ. ಹೊಲಸನ್ನು ಅದು ಹುಟ್ಟಿದ ಅಂಗಳದಲ್ಲೇ ತಡೆಯುವುದು ಅದಕ್ಕಿಂತ ಸುಲಭ.

ಒಂದು ಗುಂಡಿ, ಒಂದು ಗಡಿಯಾರ

ನಿಮ್ಮ ನೆಲ ನೀರು ಕುಡಿಯುತ್ತದೆಯೋ ಇಲ್ಲವೋ ತಿಳಿಯಲು ಪ್ರಯೋಗಾಲಯ ಬೇಡ. ಇಂಗುಗುಂಡಿ ಬರಬೇಕಾದ ಜಾಗದಲ್ಲಿ, ಅದರ ಆಳಕ್ಕೆ, ಗೇಣಗಲದ ಗುಂಡಿ ತೋಡಿ. ಗೋಡೆಯನ್ನು ಚಾಕುವಿನಿಂದ ಕೆರೆದು, ಸಲಿಕೆಯ ಒತ್ತಿಗೆ ನುಣುಪಾದ ಮೈಯನ್ನು ತೆಗೆದುಹಾಕಿ. ತಳಕ್ಕೆ ಎರಡು ಇಂಚು ಮರಳು ಹಾಕಿ. ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಎರೆಯಲ್ಲಿ ಈ ನೆನೆಸುವಿಕೆಯೇ ಪರೀಕ್ಷೆಯ ಜೀವಾಳ, ಏಕೆಂದರೆ ಒಣ ಎರೆಯ ಬಿರುಕುಗಳು ಮೊದಲ ಕೊಡ ನೀರನ್ನು ಗಟಗಟನೆ ನುಂಗಿ ಮೋಸ ಮಾಡುತ್ತವೆ. ಮರುದಿನ ಬೆಳಿಗ್ಗೆ ಮರಳಿನ ಮೇಲೆ ಅರ್ಧ ಅಡಿ ನೀರು ನಿಲ್ಲಿಸಿ, ಒಂದು ಕಡ್ಡಿ ನೆಟ್ಟು ಗುರುತು ಮಾಡಿ, ನೀರು ಒಂದು ಇಂಚು ಅಂದರೆ 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡಿ. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಕೆಲಸ ಮಾಡುತ್ತದೆ. 60 ನಿಮಿಷ ದಾಟಿದರೆ ಅಲ್ಲಿ ಇಂಗುಗುಂಡಿಗೆ ಸುರಿಯುವ ಹಣ ವ್ಯರ್ಥ. ಮಾನ್ವಿಯ ಕಡೆಯವರು ಈ ಪರೀಕ್ಷೆಯನ್ನು ಕಾಲುವೆ ಹರಿಯುವ ಕಾಲದಲ್ಲೇ ಮಾಡಬೇಕು.

ನೆಲ ಕುಡಿಯದಿದ್ದರೆ ಏನು ದಾರಿ? ಒಂದು, ಟ್ಯಾಂಕಿನ ಪಕ್ಕದಲ್ಲಿ ಜಲ್ಲಿ ತುಂಬಿದ ಇನ್ನೊಂದು ಕೋಣೆ ಕಟ್ಟುವುದು. ಟ್ಯಾಂಕಿನ ನೀರು ಅದರ ತಳದಿಂದ ಹೊಕ್ಕು ಜಲ್ಲಿಯ ನಡುವೆ ಮೇಲೇರಿ ಹೊರಹೋಗಬೇಕು. ಒಂದೊಂದು ಕಲ್ಲಿನ ಮೈಮೇಲೂ ಬ್ಯಾಕ್ಟೀರಿಯಾದ ಲೋಳೆ ಪದರ ಬೆಳೆದು, ಮಣ್ಣು ಮಾಡಬೇಕಿದ್ದ ಕೆಲಸದಲ್ಲಿ ದೊಡ್ಡ ಪಾಲನ್ನು ಅದು ಮಾಡುತ್ತದೆ. ಇದರಿಂದ ಬಂದ ನೀರನ್ನೂ ಮುಟ್ಟುವಂತಿಲ್ಲ, ಆದರೆ ಹೊಲಸಿನ ಭಾರ ಬಹಳ ಇಳಿದಿರುತ್ತದೆ.

ಎರಡನೆಯ ದಾರಿ ನಮ್ಮ ಬಿಸಿಲಿನದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600–700 ಮಿಲಿಮೀಟರ್. ಬಿಸಿಲು ಮತ್ತು ಗಾಳಿ ಆವಿಯಾಗಿ ಎಳೆದುಕೊಳ್ಳಬಲ್ಲ ನೀರು ಅದರ ಎರಡು ಪಟ್ಟಿಗೂ ಹೆಚ್ಚು. ತಳಕ್ಕೆ ಗಟ್ಟಿ ಪ್ಲಾಸ್ಟಿಕ್ ಹಾಸಿ, ಜಲ್ಲಿ, ಮರಳು, ಮಣ್ಣು ತುಂಬಿದ ಮಡಿಯಲ್ಲಿ ಬಾಳೆ, ಹೂಬಾಳೆ ಬೆಳೆಸಿದರೆ ಗಿಡಗಳು ಆ ನೀರನ್ನು ಎಲೆಗಳ ಮೂಲಕ ಆಕಾಶಕ್ಕೆ ಕಳಿಸುತ್ತವೆ. ಜಾಗದ ಲೆಕ್ಕ ಹೀಗೆ: ದಿನಕ್ಕೆ 4 ಮಿಲಿಮೀಟರ್ ಆರುತ್ತದೆಂದರೆ ಒಂದು ಚದರ ಮೀಟರ್ ಮಡಿ 4 ಲೀಟರ್ ಕಳೆಯುತ್ತದೆ. ಪಾಯಖಾನೆಯಿಂದ ದಿನಕ್ಕೆ 120 ಲೀಟರ್ ಬಂದರೆ 30 ಚದರ ಮೀಟರ್ ಬೇಕು. ಹಿತ್ತಲಿರುವ ದೇವದುರ್ಗ, ಮಾನ್ವಿಯ ಮನೆಗಳಿಗೆ ಇದು ಆದೀತು. 30×40 ಅಡಿಯ ನಿವೇಶನದವರಿಗೆ ಆಗದು. ಬಚ್ಚಲ ನೀರನ್ನು ಬೇರೆ ಪೈಪಿನಲ್ಲಿ ತೆಂಗು, ಬಾಳೆಯ ಬುಡಕ್ಕೆ ಬಿಟ್ಟು, ಪಾಯಖಾನೆಯ ನೀರನ್ನಷ್ಟೇ ಟ್ಯಾಂಕಿಗೆ ಕಳಿಸಿದರೆ ಎಲ್ಲರಿಗೂ ಹೊರೆ ಕಡಿಮೆ. ನಗರದಲ್ಲಿ ಒಳಚರಂಡಿ ಮನೆಯ ಮುಂದೆ ಬಂದಿದ್ದರೆ ಅದಕ್ಕೆ ಸೇರಿಸಿಕೊಳ್ಳುವುದೇ ಸರಿ.

ಗೌಂಡಿಯ ಮುಂದೆ ನಿಂತು

ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಎಂಬ ಸಂಹಿತೆ ಸೆಪ್ಟಿಕ್ ಟ್ಯಾಂಕಿನ ಅಳತೆಗಳನ್ನು ಹೇಳುತ್ತದೆ. ನೀರು ನಿಲ್ಲುವ ಜಾಗ ಎಷ್ಟೇ ಸಣ್ಣ ಮನೆಗೂ 1,000 ಲೀಟರಿಗಿಂತ ಕಡಿಮೆ ಇರಬಾರದು. ಐದು ಜನರ ಮನೆಗೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ಸುಮಾರು 1 ಮೀಟರ್ ನೀರಿನ ಆಳ, ಅದರ ಮೇಲೆ ಒಂದಡಿ ಖಾಲಿ ಜಾಗ. ಅಗಲಕ್ಕಿಂತ ಉದ್ದ ಎರಡರಿಂದ ನಾಲ್ಕು ಪಟ್ಟು ಇದ್ದರೆ ನೀರು ಬಂದ ದಾರಿಯಲ್ಲೇ ಓಡಿಹೋಗದೆ ನಿಧಾನಿಸುತ್ತದೆ, ಗಸಿ ಕೂರಲು ಹೊತ್ತು ಸಿಗುತ್ತದೆ. ಟ್ಯಾಂಕು 2,000 ಲೀಟರಿಗಿಂತ ದೊಡ್ಡದಾದರೆ ನಡುಗೋಡೆ ಬೇಕು. ಮೊದಲ ಕೋಣೆ ಮೂರರಲ್ಲಿ ಎರಡು ಪಾಲು, ಎರಡನೆಯದು ಒಂದು ಪಾಲು.

ತಳಕ್ಕೆ ಕಾಂಕ್ರೀಟ್ ಹಾಕಲೇಬೇಕು. ತಳವಿಲ್ಲದೆ ಸಿಮೆಂಟ್ ರಿಂಗು ಇಳಿಸಿದ ಗುಂಡಿಯನ್ನೂ ಜನ ಸೆಪ್ಟಿಕ್ ಎಂದೇ ಕರೆಯುತ್ತಾರೆ, ಆದರೆ ಅದು ಬೇರೆಯೇ ವ್ಯವಸ್ಥೆ. ಗಾಳಿಯಾಡುವ ಮಣ್ಣಿನಲ್ಲಿ ಅಂಥ ಎರಡು ಗುಂಡಿಗಳನ್ನು ಸರದಿಯಂತೆ ಬಳಸಿ, ತುಂಬಿದ್ದನ್ನು ಮುಚ್ಚಿ ವರ್ಷಗಟ್ಟಲೆ ಬಿಟ್ಟರೆ ಅದು ಗೊಬ್ಬರವಾಗುತ್ತದೆ. ಎರೆಯಲ್ಲಿ, ಅಂತರ್ಜಲ ಮೇಲಿರುವ ಕಡೆ ಅದು ಕೆಲಸಕ್ಕೆ ಬಾರದು. ಎರೆಯಲ್ಲಿ ಟ್ಯಾಂಕಿನ ಗೋಡೆಗೂ ಅಪಾಯವಿದೆ. ಉಬ್ಬುವ ಮಣ್ಣು ಪಕ್ಕದಿಂದ ಒತ್ತಿ ಇಟ್ಟಿಗೆ ಗೋಡೆಯನ್ನು ಸೀಳುತ್ತದೆ. ಗೋಡೆಯ ಹೊರಗೆ ತೋಡಿದ ಎರೆಯನ್ನೇ ಮತ್ತೆ ತುಂಬದೆ ಗರಸು ತಂದು ತುಂಬಿ ಗುದ್ದಬೇಕು. ಕಟ್ಟಡದ ಪಾಯಕ್ಕೆ ಗರಸು ತರಿಸುವವರು ಎರಡು ಟ್ರಾಲಿ ಹೆಚ್ಚು ತರಿಸಿದರೆ ಆಯಿತು.

ಎಲ್ಲಕ್ಕಿಂತ ಮುಖ್ಯವಾದದ್ದೂ ಎಲ್ಲಕ್ಕಿಂತ ಅಗ್ಗವಾದದ್ದೂ ಒಂದೇ ವಸ್ತು, ಹೊರಹೋಗುವ ಪೈಪಿಗೆ ಹಾಕುವ, T ಆಕಾರದ ನಾಲ್ಕು ಇಂಚಿನ ಟೀ. ಅದರ ಕೆಳಗಿನ ಕಾಲು ನೀರಿನ ಮಟ್ಟದಿಂದ ಒಂದಡಿಯಷ್ಟು ಕೆಳಗಿಳಿದಿರಬೇಕು, ಮೇಲಿನ ಬಾಯಿ ತೇಲುಪದರಕ್ಕಿಂತ ಎತ್ತರದಲ್ಲಿ ತೆರೆದಿರಬೇಕು. ಆಗ ಹೊರಹೋಗುವುದು ನಡುಪದರದ ತಿಳಿನೀರು ಮಾತ್ರ. ಟೀ ಇಲ್ಲದೆ ಗೋಡೆಗೆ ನೇರ ಪೈಪು ತೂರಿಸಿದರೆ ತೇಲುವ ಹೊಲಸೆಲ್ಲ ಇಂಗುಗುಂಡಿಗೆ ಹೋಗಿ ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ. ಒಳಬರುವ ಪೈಪಿಗೂ ಇಂಥದೇ ಟೀ ಬೇಕು. ಒಳಬಾಯಿಗಿಂತ ಹೊರಬಾಯಿ 50 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಅನಿಲ ಹೋಗಲು ಮಾಳಿಗೆಗಿಂತ ಎತ್ತರಕ್ಕೆ ಗಾಳಿಕೊಳವೆ, ಅದರ ಬಾಯಿಗೆ ಸೊಳ್ಳೆ ಹೋಗದಂತೆ ಜಾಲರಿ. ಚಪ್ಪಡಿಯಲ್ಲಿ ತೆಗೆದು ಹಾಕುವ ಮುಚ್ಚಳ ಇರಲೇಬೇಕು, ಗಸಿ ಹೀರುವ ಸಕ್ಕಿಂಗ್ ಗಾಡಿಯ ಪೈಪು ಅಲ್ಲಿಯವರೆಗೆ ತಲುಪಬೇಕು. ಬಳಕೆಗೆ ಮೊದಲು ಟ್ಯಾಂಕಿಗೆ ನೀರು ತುಂಬಿ ಒಂದು ದಿನ ಬಿಟ್ಟು ನೋಡಿ. ಮಟ್ಟ ಇಳಿದರೆ ಸೋರಿಕೆ ಇದೆ ಎಂದರ್ಥ. ಇಳಿಯದಿದ್ದರೆ ಆ ನೀರಿನಲ್ಲೇ ಬಳಕೆ ಶುರುಮಾಡಿ.

ತುಂಬುವ ಮೊದಲೇ

‘ನಮ್ಮ ಟ್ಯಾಂಕು ಹದಿನೈದು ವರ್ಷ ಆದ್ರೂ ತುಂಬಿಲ್ಲರೀ’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ನೀರಿನ ಲೆಕ್ಕದಲ್ಲಿ ಟ್ಯಾಂಕು ಮೊದಲ ವಾರದಲ್ಲೇ ತುಂಬಿರುತ್ತದೆ. ನೋಡಬೇಕಾದದ್ದು ಗಸಿಯನ್ನು. ಕೊಳೆತು ಕರಗಿದ ಮೇಲೂ ಒಬ್ಬರಿಂದ ವರ್ಷಕ್ಕೆ 75 ಲೀಟರಿನಷ್ಟು ಗಸಿ ಉಳಿಯುತ್ತದೆ. ಐದು ಜನರಿಂದ ಎರಡು ವರ್ಷಕ್ಕೆ 750 ಲೀಟರ್. ಮೇಲೆ ಹೇಳಿದ ಅಳತೆಯ ಟ್ಯಾಂಕು ಹಿಡಿಯುವುದು ಸುಮಾರು 1,125 ಲೀಟರ್. ಮೂರರಲ್ಲಿ ಎರಡು ಪಾಲು ಗಸಿಯೇ ಆದರೆ ನೀರು ನಿಲ್ಲಲು ಜಾಗವೆಲ್ಲಿ? ಬಂದ ಹೊಲಸು ಬಂದ ಹಾಗೆಯೇ ಹೊರಟುಹೋಗುತ್ತದೆ. ಹದಿನೈದು ವರ್ಷ ‘ತುಂಬದ’ ಟ್ಯಾಂಕಿನ ತಳ ಸೋರುತ್ತಿರಬಹುದು, ಇಲ್ಲವೇ ಹೊಲಸೆಲ್ಲ ಚರಂಡಿಗೆ ಹೋಗುತ್ತಿರಬಹುದು. ಅದಕ್ಕೇ ಎರಡು–ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕೆನ್ನುವುದು. ಅಳೆಯಬೇಕೆಂದರೆ ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ, ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಬಗ್ಗದೆ ನಿಂತೇ ತಳಮುಟ್ಟ ಇಳಿಸಿ. ಬಟ್ಟೆಯ ಮೇಲೆ ಕಪ್ಪು ಹತ್ತಿದಷ್ಟು ಎತ್ತರ ಗಸಿ. ಗಸಿಯೂ ತೇಲುಪದರವೂ ಸೇರಿ ಅರ್ಧ ಆಳ ದಾಟಿದ್ದರೆ ಗಾಡಿ ಕರೆಸಿ. ಮುಚ್ಚಳ ತೆರೆದಾಗ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಮೀಥೇನ್ ಹೊತ್ತಿಕೊಳ್ಳುವ ಅನಿಲ. ಖಾಲಿ ಮಾಡುವಾಗ ತಳದಲ್ಲಿ ಒಂದಿಷ್ಟು ಗಸಿ ಉಳಿಸಿ, ಮುಂದಿನ ಕೆಲಸಕ್ಕೆ ಅದೇ ಹೆಪ್ಪು. ಆ್ಯಸಿಡ್, ಫಿನೈಲನ್ನು ಮಿತಿಮೀರಿ ಸುರಿಯಬೇಡಿ. ಪ್ಯಾಡು, ಪ್ಲಾಸ್ಟಿಕ್ಕು, ಮಳೆನೀರು ಟ್ಯಾಂಕಿಗೆ ಹೋಗದಂತೆ ನೋಡಿಕೊಳ್ಳಿ.

ಗಾಡಿ ಕೊಂಡೊಯ್ದದ್ದು ಎಲ್ಲಿಗೆ ಹೋಗುತ್ತದೆ ಎಂಬುದೂ ನಮ್ಮ ಪ್ರಶ್ನೆಯೇ ಆಗಬೇಕು. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ 2015ರಿಂದ ಟ್ಯಾಂಕಿನ ಗಸಿಗೆಂದೇ ಒಂದು ಸಂಸ್ಕರಣಾ ಘಟಕವಿದೆ. ಗಸಿಯನ್ನು ಅಲ್ಲಿ ಕೊಳೆಸಿ, ಹಾಸುಗಳ ಮೇಲೆ ಒಣಗಿಸಿ ಗೊಬ್ಬರ ಮಾಡುತ್ತಾರೆ. ಇಷ್ಟು ಬಿಸಿಲಿರುವ ನಮ್ಮ ಜಿಲ್ಲೆಯಲ್ಲಿ ಒಣಗಿಸುವ ಕೆಲಸ ಇನ್ನೂ ಸಲೀಸು. ಹಳ್ಳಕ್ಕೋ ಕೆರೆಗೋ ಸುರಿದುಬಂದರೆ ನಾವು ಮನೆಯಲ್ಲಿ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಒಳಗೆ ಯಾರನ್ನೂ ಇಳಿಸಬಾರದು

ಟ್ಯಾಂಕಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಅದು ಒಳಗೇ ತಂಗುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ನೂರು ಭಾಗದಷ್ಟಾದರೆ ಮೂಗಿನ ನರವೇ ಸೋತು ವಾಸನೆ ತಿಳಿಯುವುದಿಲ್ಲ. ಸಾವಿರ ಭಾಗದ ಹತ್ತಿರ ಬಂದರೆ ಕೆಲವೇ ಉಸಿರಿನಲ್ಲಿ ಮನುಷ್ಯ ಕುಸಿಯುತ್ತಾನೆ. ನಾತ ಕಡಿಮೆಯಾಯಿತೆಂದು ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ತಮ್ಮನೋ ಜೊತೆಗಾರನೋ ಅವನ ಪಕ್ಕದಲ್ಲೇ ಬೀಳುತ್ತಾನೆ.

ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ನಿಷೇಧಿಸಲು ಮುಂದಾದ ರಾಜ್ಯ ನಮ್ಮದು. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರ ಹೆಸರು ಆ ಹೆಜ್ಜೆಯೊಂದಿಗೆ ಸೇರಿಕೊಂಡಿದೆ. ಈ ಪದ್ಧತಿಯ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ಹುಟ್ಟಿದ್ದೂ ಇದೇ ರಾಜ್ಯದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಯಾರನ್ನೇ ಆಗಲಿ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಶಿಕ್ಷಾರ್ಹ ಅಪರಾಧ, ಮನೆಯ ಮಾಲೀಕರಿಗೂ ಅದು ಅನ್ವಯಿಸುತ್ತದೆ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೋದ ಜೀವಕ್ಕೆ ಯಾವ ಪರಿಹಾರವೂ ಸಮನಲ್ಲ. ಮುಚ್ಚಳವಿಲ್ಲದ, ಗಾಡಿ ತಲುಪದ ಟ್ಯಾಂಕು ಕಟ್ಟಿದವರು ಮುಂದೊಂದು ದಿನ ಯಾರನ್ನೋ ಅದರೊಳಗೆ ಇಳಿಸುವ ಪರಿಸ್ಥಿತಿಯನ್ನು ಇಂದೇ ಕಟ್ಟುತ್ತಿದ್ದಾರೆ. ಪುರಸಭೆಯ ಗಾಡಿಗಾಗಿ ಕೇಳಿ, ಸಹಾಯವಾಣಿ 14420ಕ್ಕೆ ಕರೆ ಮಾಡಿ, ತಡವಾದರೆ ಕಾಯಿರಿ.

ಮನೆ ಕಟ್ಟಿಸುವವರು ಪಾಯ ತೋಡುವ ಮೊದಲೇ ಗೌಂಡಿಯ ಜೊತೆ ಕೂತು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಲಿ: ಟ್ಯಾಂಕಿನಿಂದ ಹೊರಬಂದ ನೀರು ಎಲ್ಲಿಗೆ ಹೋಗುತ್ತದೆ, ಗಸಿ ತೆಗೆಯುವ ಗಾಡಿ ಎಲ್ಲಿ ನಿಲ್ಲುತ್ತದೆ, ಮುಂದಿನ ಸಲ ಖಾಲಿ ಮಾಡಿಸುವುದು ಯಾವ ವರ್ಷ. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಟ್ಯಾಂಕಿನ ಜಾಗಕ್ಕೆ ಗುದ್ದಲಿ ಬೀಳಲಿ.